ಮೇಷ್ಟ್ರಿಗೆ ನಾನು ಕಲಿಸಿದ ಇಂಗ್ಲಿಷು

ಕ್ಷೌರದ ಕತ್ತಿ ಗಂಟಲಿನ ಹತ್ತಿರಕ್ಕೆ ಬಂದಾಗ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೆಲವರು ಉಸಿರು ಬಿಗಿಹಿಡಿಯುತ್ತಾರೆ. ನನ್ನ ನೆರೆಮನೆಯವರು ಆ ಹೊತ್ತಿನಲ್ಲೂ ಕ್ಷೌರಿಕನೊಂದಿಗೆ ವಾದಕ್ಕಿಳಿಯಬಲ್ಲ ಧೈರ್ಯಸ್ಥರು. ನಾನು ಮಾತ್ರ ಹೆಬ್ಬೆರಳನ್ನು ಬೆರಳುಗಳ ಗೆಣ್ಣಿನ ಮೇಲೆ ಓಡಿಸುತ್ತಾ, ತುಟಿಯೊಳಗೇ ನೌನು, ಪ್ರೊನೌನು, ಅಡ್ಜೆಕ್ಟಿವು, ವರ್ಬು ಎಂದು ಶುರುಮಾಡಿ, ಇಂಟರ್ಜೆಕ್ಷನ್ನಿನವರೆಗೂ ಹೋಗಿ, ಕತ್ತಿ ಇನ್ನೂ ಅಲ್ಲೇ ಇದ್ದರೆ ಮತ್ತೆ ನೌನಿನಿಂದ ಹಿಡಿಯುತ್ತೇನೆ. ಹೋದ ತಿಂಗಳು ಕ್ಷೌರಿಕ ಕೈ ತಡೆದು, 'ಯಾವ ಮಂತ್ರ ಸ್ವಾಮಿ, ನಮಗೂ ಒಂದಿಷ್ಟು ಹೇಳಿಕೊಡಿ' ಎಂದು ಕೇಳಿದ. ಇಂಗ್ಲಿಷ್ ವ್ಯಾಕರಣ ಎಂದರೆ ಅವನು ನಂಬುತ್ತಾನೆಯೇ? ಮನೆದೇವರ ಹೆಸರು ಎಂದು ಸುಳ್ಳು ಹೇಳಿ ಎದ್ದು ಬಂದೆ.

ಈ ಚಟ ಇಂದಿನದಲ್ಲ. ಮದುವೆಯ ಹಸೆಯ ಮೇಲೆ ಕೂತಾಗಲೂ ನನ್ನ ತುಟಿ ಅಲ್ಲಾಡುತ್ತಿತ್ತಂತೆ. ಅಳಿಯ ಮಂತ್ರ ಬಲ್ಲವನು ಎಂದು ನಮ್ಮ ಮಾವ ನಾಲ್ಕು ಜನರ ಮುಂದೆ ಹೇಳಿಕೊಂಡು ಹಿಗ್ಗಿದರಂತೆ. ನಿಜ ಗೊತ್ತಾದ ದಿನ ನನ್ನ ಹೆಂಡತಿ ಎರಡು ಹೊತ್ತು ನನ್ನೊಡನೆ ಮಾತು ಬಿಟ್ಟಿದ್ದಳು. ಹೆದರಿಕೆಯಾದಾಗ ದೇವರನ್ನು ನೆನೆಯಬೇಕು ಎಂಬುದು ನನಗೂ ಗೊತ್ತು. ಆದರೆ ಹೆದರಿಕೆ ಎಂದರೇನು ಎಂದು ನಾನು ಮೊದಲು ತಿಳಿದುಕೊಂಡದ್ದೇ ಈ ಎಂಟು ಹೆಸರುಗಳ ಜೊತೆಯಲ್ಲಿ. ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ, ಬಿಡಿಸಲು ಈ ವಯಸ್ಸಿನಲ್ಲಿ ಆಗುವುದಿಲ್ಲ.

ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕೆ ಸರಿದು ಕೂತ ಒಂದು ಕೊಪ್ಪಲು. ರಾಗಿ, ಅವರೆ, ಹುರುಳಿ, ಒಂದಿಷ್ಟು ದನ. ಮಹಾರಾಜರ ಕಾಲ. ಊರಲ್ಲಿ ನಾಲ್ಕನೇ ತರಗತಿವರೆಗೆ ಶಾಲೆಯಿತ್ತು, ಅದೂ ಚಾವಡಿಯಲ್ಲಿ. ಅದನ್ನು ಮುಗಿಸಿ ಹುಣಸೂರಿನ ಮಿಡ್ಲ್ ಸ್ಕೂಲಿಗೆ ಹೋದ ಮೊದಲ ಹುಡುಗ ನಾನು. ಅಲ್ಲಿ ನನ್ನ ಸೋದರಮಾವ ಇದ್ದ, ಕೊಡಗಿನ ಕಡೆಯಿಂದ ಕಾಫಿ ಮೂಟೆ ತರುವ ಗಾಡಿ ಹೊಡೆಯುತ್ತಿದ್ದ. ಅವನ ಮನೆಯಲ್ಲಿ ಹಾಸಿಗೆಗೂ ಅನ್ನಕ್ಕೂ ನನ್ನ ಪುಸ್ತಕಕ್ಕೂ ಕಾಫಿ ಮೂಟೆಯ ವಾಸನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡೂವರೆ ಗಂಟೆ ನಡೆದು ಊರಿಗೆ ಬರುತ್ತಿದ್ದೆ. ಮನೆಗೆ ಬಂದ ತಕ್ಷಣ ನಮ್ಮಜ್ಜಿ ನನ್ನ ಅಂಗಿಯನ್ನು ಮೂಸಿ ನೋಡಿ, 'ಇದೇಯೇನ್ಲಾ ಇಂಗ್ಲೀಸಿನ ವಾಸನೆ' ಎಂದು ಕೇಳುತ್ತಿದ್ದಳು. ನಾನು ಹೌದು ಎನ್ನುತ್ತಿದ್ದೆ.

ಹುಣಸೂರಿನ ಇಂಗ್ಲಿಷ್ ಮೇಷ್ಟ್ರು ಸುಡುಬೇಸಿಗೆಯಲ್ಲೂ ಕೋಟು ಬಿಚ್ಚದವರು. ಇಂಗ್ಲಿಷಿನಲ್ಲಿ ಎಷ್ಟೇ ಪದಗಳಿರಲಿ, ಎಲ್ಲವೂ ಎಂಟು ಮನೆಗೆ ಸೇರಿದವು, ಯಾವ ಪದ ಯಾವ ಮನೆಯದು ಎಂದು ಗೊತ್ತಾದರೆ ಭಾಷೆ ಕೈಗೆ ಬಂದಂತೆ ಎಂದು ಅವರು ಮೊದಲ ದಿನವೇ ಹೇಳಿದರು. ಆ ಶನಿವಾರ ನಾನು ಊರಿಗೆ ಬಂದು ಜಗಲಿಯ ಮೇಲೆ ಈ ಸುದ್ದಿ ಹರಡಿದೆ. ನಮ್ಮಪ್ಪ ಹಗ್ಗ ಹೊಸೆಯುತ್ತಿದ್ದವನು ಕೈ ನಿಲ್ಲಿಸಿ, 'ಎಂಟೇಯಾ? ಅಷ್ಟರಲ್ಲೇ ದೇಸ ಆಳ್ತಾವ್ರಾ ಅವ್ರು' ಎಂದ. ನಮ್ಮಜ್ಜಿಯ ಚಿಂತೆ ಬೇರೆ. 'ಎಂಟು ಮನೆ ಅಂದ್ಮೇಲೆ ಜಗಳ ಇದ್ದೇ ಇರ್ತದೆ ಬುಡು' ಎಂದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ಮಾತಿನಲ್ಲಿ ಎಷ್ಟು ಮನೆ ಇವೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವೇ ಹೊರತು ಮನೆ ಎಣಿಸಿರಲಿಲ್ಲ.

ಈ ಮಾತು ಜಗಲಿಯಿಂದ ಜಗಲಿಗೆ ಹೋಗಿ ಚಾವಡಿ ಶಾಲೆಯ ಪುಟ್ಟಬಸಪ್ಪ ಮೇಷ್ಟ್ರ ಕಿವಿಗೆ ಬಿತ್ತು. ನನಗೆ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದವರು ಅವರು. ನಲವತ್ತರ ಆಚೆಯ ವಯಸ್ಸು, ತೆಳ್ಳಗಿನ ಆಳು, ಅಕ್ಷರ ಬರೆದರೆ ಅಚ್ಚು ಹಾಕಿದಂತೆ. ಕನ್ನಡ, ಲೆಕ್ಕ, ಭೂಗೋಳ ಎಲ್ಲ ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲಿ ಮಾತ್ರ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಓದಿದ್ದು ಏನೆಂದು ತಿಳಿಯುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಯ ಮುಂದೆ ಬಂದು ನಿಂತರು. ಮೇಷ್ಟ್ರು ಬಾಗಿಲಿಗೆ ಬಂದರೆ ನಾನು ಕೊಟ್ಟಿಗೆಗೆ ಓಡುವ ರೂಢಿ. ಓಡುವ ಮೊದಲೇ ಅಪ್ಪ ಹಿಡಿದುಕೊಂಡ. ಮೇಷ್ಟ್ರು ನನ್ನ ತಲೆಯ ಮೇಲೆ ಕೈಯಿಟ್ಟು ಅಪ್ಪನಿಗೆ, 'ಗೌಡ, ಇವನನ್ನ ವಾರಕ್ಕೊಂದಪ ನನಗೆ ಬಿಟ್ಕೊಡು. ನಾನು ಇವನ ಹತ್ರ ಕಲೀಬೇಕು' ಎಂದರು.

ಕಾರಣವನ್ನೂ ಅಲ್ಲೇ ಹೇಳಿದರು. ಲೋಯರ್ ಸೆಕೆಂಡರಿಯ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದ ಮೇಷ್ಟ್ರುಗಳನ್ನು ದೊಡ್ಡ ರಸ್ತೆಯ ಬದಿಯ ಶಾಲೆಗಳಲ್ಲಿ ಇಟ್ಟುಕೊಳ್ಳುತ್ತಾರೆ, ಇಲ್ಲದವರನ್ನು ಕಾಡಂಚಿಗೆ ಕಳಿಸುತ್ತಾರೆ ಎಂದು ಮೇಲಿನಿಂದ ಸುದ್ದಿ ಬಂದಿತ್ತು. ಕಾಡಂಚು ಎಂದರೆ ಹೆಗ್ಗಡದೇವನಕೋಟೆಯ ಕಡೆ. ನಮ್ಮವರು ಅದನ್ನು ಬರೀ ಕೋಟೆ ಎನ್ನುತ್ತಾರೆ. ಆ ಹೆಸರು ಹೇಳುವಾಗ ದನಿ ತಾನಾಗಿ ತಗ್ಗುತ್ತಿತ್ತು, ಏಕೆಂದರೆ ಕೋಟೆಗೆ ಹೋದವರು ಚಳಿಜ್ವರ ತಾರದೆ ಬಂದದ್ದು ಕಡಿಮೆ. ಮೇಷ್ಟ್ರು ನಮ್ಮೂರಿಗೆ ಬರುವ ಮೊದಲು ಕೋಟೆಯ ಕಡೆಯೇ, ಸರಗೂರಿನ ಆಚೆ ಒಂದು ಹಳ್ಳಿಯಲ್ಲಿದ್ದರು. ಅಲ್ಲಿ ಅವರ ಒಬ್ಬಳೇ ಮಗಳು ಗೌರಿ, ಐದು ವರ್ಷದವಳು, ಜ್ವರದಲ್ಲಿ ಹೋಗಿದ್ದಳು. ಅವರ ಹೆಂಡತಿ ನಂಜಮ್ಮನವರು ಊರಿನ ಹೆಂಗಸರಿಗೆಲ್ಲ ಬೇಕಾದವರು, ಕೇಳಿದವರಿಗೆ ಮಜ್ಜಿಗೆ ಇಲ್ಲ ಎಂದವರಲ್ಲ. ಆದರೆ ಕೋಟೆಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. 'ಆ ಕಡೆ ಇನ್ನೊಂದಪ ನಾನು ನೀರು ಕುಡಿಯಕಿಲ್ಲ. ನಿಮ್ಮನ್ನ ಕಳಿಸಿದ್ರೆ ನಾನು ತೌರಿಗೆ ಹೋಯ್ತೀನಿ' ಎಂದು ಗಂಡನಿಗೆ ಹೇಳಿಬಿಟ್ಟಿದ್ದರು. ಹೀಗೆ ಹುಣಸೂರಿನ ಕೋಟು ಮೇಷ್ಟ್ರ ಎಂಟು ಮನೆಗಳು ನಮ್ಮೂರಿನ ಒಂದು ಮನೆಯ ಉಳಿವು ಅಳಿವಿನ ಸಂಗತಿಯಾದವು, ಅದನ್ನು ನಡೆಸಿಕೊಡುವ ಭಾರ ಗೊಣ್ಣೆ ಒರೆಸಿಕೊಳ್ಳುವುದನ್ನು ಆಗತಾನೆ ಕಲಿತಿದ್ದ ನನ್ನ ಮೇಲೆ ಬಿತ್ತು.

ಹುಣಸೂರಿನಲ್ಲಿ ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಬಹುದಿತ್ತು. ಆದರೆ ಬೇರೆ ಮೇಷ್ಟ್ರುಗಳ ಮುಂದೆ ಹೋಗಿ ನನಗೆ ಬರುವುದಿಲ್ಲ ಎನ್ನಲು ಅವರಿಗೆ ಸಂಕೋಚ, ತಾವೇ ತಿದ್ದಿದ ಹುಡುಗನ ಮುಂದೆ ಸಂಕೋಚವಿಲ್ಲ. ಇನ್ನು ವ್ಯಾಕರಣದ ಪುಸ್ತಕ. ಅದು ನಮ್ಮ ಬೆಂಚಿನ ಮೂವರಿಗೆ ಸೇರಿ ಒಂದೇ ಇತ್ತು, ಹುಣಸೂರು ದಾಟುತ್ತಿರಲಿಲ್ಲ. ಆದ್ದರಿಂದ ಕೋಟು ಮೇಷ್ಟ್ರು ಹೇಳಿದ್ದು ನನ್ನ ತಲೆಯಲ್ಲಿ ಎಷ್ಟು ಉಳಿಯುತ್ತದೋ ಅಷ್ಟೇ ಪುಟ್ಟಬಸಪ್ಪ ಮೇಷ್ಟ್ರಿಗೆ ಸಿಗುವ ಇಂಗ್ಲಿಷು.

ಮೊದಲ ಭಾನುವಾರ ಚಾವಡಿಗೆ ಹೋದರೆ ಅವರು ಇನ್ಸ್‌ಪೆಕ್ಟರು ಬಂದಾಗ ಮಾತ್ರ ಸುತ್ತುವ ರುಮಾಲು ಸುತ್ತಿ, ಸ್ಲೇಟು ಹಿಡಿದು, ನಾವು ಹುಡುಗರು ಕೂರುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗೋಡೆಗೆ ಒರಗುವ ತಮ್ಮ ಜಾಗವನ್ನು ನನಗೆ ಬಿಟ್ಟಿದ್ದರು. ನಾನು ಬಾಗಿಲಲ್ಲೇ ನಿಂತೆ. 'ಬನ್ನಿ ಚೆಲುವೇಗೌಡ್ರೇ, ಕೂತ್ಕೊಳ್ಳಿ' ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. 'ಹೇಳಿಕೊಡೋನು ಯಾರೇ ಆಗ್ಲಿ, ಪಾಠ ಮುಗಿಯೋವರ್ಗೆ ಅವನು ಮೇಷ್ಟ್ರು. ಅವನನ್ನ ನೀನು ತಾನು ಅಂದ್ರೆ ಕಲ್ತದ್ದು ತಲೇಲಿ ನಿಲ್ಲಕಿಲ್ಲ' ಎಂದರು. ಅದೇ ಚಾವಡಿಯಲ್ಲಿ ಅವರಿಂದಲೇ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೆನೋ, ಅದೇ ಕಿವಿಗೆ ಈಗ ಬಹುವಚನ ಬೀಳುತ್ತಿತ್ತು. ಪಾಠ ಮುಗಿದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರೋ, 'ಲೇ ಚೆಲುವ, ಹೋಗಿ ಒಂದು ಬಿಂದಿಗೆ ನೀರು ಸೇದ್ಕೊಂಡು ಬಾ' ಎಂದು ಹಳೆಯ ದಾರಿಗೆ ಬರುತ್ತಿದ್ದರು. ನಾನೂ ನೆಮ್ಮದಿಯಾಗಿ ಬಿಂದಿಗೆ ಎತ್ತಿಕೊಳ್ಳುತ್ತಿದ್ದೆ.

ಅವರು ಕಲಿಯುತ್ತಿದ್ದ ರೀತಿಯೇ ಬೇರೆ. ನಾನು ಹುಣಸೂರಿನಿಂದ ಒಣಗಿಸಿ ತಂದದ್ದನ್ನು ಅವರು ನಮ್ಮೂರಿನ ನೀರು ಹಾಕಿ ಬೇಯಿಸುತ್ತಿದ್ದರು. ಪ್ರೊನೌನು ಎಂದರೆ ಹೆಸರಿನ ಬದಲಿಗೆ ಬರುವ ಪದ ಎಂದು ನಾನು ಗಿಣಿಪಾಠ ಒಪ್ಪಿಸಿದಾಗ ಸ್ವಲ್ಪ ಹೊತ್ತು ಮೀಸೆ ತಿರುವಿ, 'ಗೊತ್ತಾಯ್ತು ಬಿಡಿ. ನಮ್ಮ ಮನೆಯವ್ರು ನನ್ನ ಹೆಸ್ರು ಹೇಳಂಗಿಲ್ವಲ್ಲ, ಅವ್ರು ಬಂದ್ರು, ಅವ್ರು ಉಂಡ್ರು ಅಂತಾರಲ್ಲ, ಅದೇ ತಾನೆ' ಎಂದರು. ಒಳ್ಳೆಯ ಸಂಸಾರವಂದಿಗ ಇಂಗ್ಲಿಷನೊಬ್ಬ ಇದನ್ನು ಮಾಡಿರಬೇಕು ಎಂದೂ ಸೇರಿಸಿದರು. ಎರಡು ಮಾತು ಕೂಡಿಸುವ ಕಂಜಂಕ್ಷನ್ನಿಗೆ ನೊಗ ಸಾಕಾಯಿತು. ಮುಂದೆ ಕೊನೆಯ ಮನೆ ಇಂಟರ್ಜೆಕ್ಷನ್ ಬಂದಾಗ ಅವರಿಗಾದ ಸಂತೋಷ ಹೇಳತೀರದು. ಅಯ್ಯೋ, ಅಬ್ಬಾ, ಥೂ, ಶಿವಶಿವಾ ಇವಕ್ಕೂ ಒಂದು ಮನೆ ಕಟ್ಟಿಕೊಟ್ಟಿದ್ದಾರೆ ಎಂದು ಆ ಜನರ ಮೇಲೆ ಗೌರವವೇ ಹುಟ್ಟಿತು. 'ಇದೊಂದು ನಮ್ಮಿಂದ್ಲೇ ಕಲ್ತು ಹೋಗವ್ರೆ. ನಿಮ್ಮಜ್ಜಿ ದಿನಾ ಆಡೋದು ಬರೀ ಇದೇ ಮನೆ ಮಾತು' ಎಂದರು. ಅದು ನಿಜವಾಗಿತ್ತು.

ಎಂಟನ್ನೂ ಮರೆಯದಿರಲು ಅವರು ಅದನ್ನು ಮಗ್ಗಿಯ ರಾಗಕ್ಕೆ ಹಾಕಿದರು. ವಾರವೆಲ್ಲ ಹುಡುಗರು ಕಾಪಿ ಬರೆಯುವಾಗ ಅವರು ಒಳಗೊಳಗೇ ಅದನ್ನು ಗುನುಗುವರು. ಹುಡುಗರ ಕಿವಿ ಕೇಳಬೇಕೇ? ತಿಂಗಳೊಳಗೆ ನಮ್ಮ ಕೊಪ್ಪಲಿನ ದನ ಕಾಯುವವರಿಂದ ಹಿಡಿದು ಕಣದಲ್ಲಿ ರಾಗಿ ಬಡಿಯುವವರವರೆಗೆ ಎಲ್ಲರ ಬಾಯಲ್ಲೂ ನೌನೊಂದ್ಲಿ ಪ್ರೊನೌನೆರಡ್ಲಿ ಆಡತೊಡಗಿತು. ನಮ್ಮ ದೊಡ್ಡಪ್ಪ ಬಡಿಯುವ ಕೋಲಿನ ಎಂಟು ಏಟಿಗೆ ಎಂಟು ಮಾತು ಸರಿಯಾಗಿ ಕೂರುತ್ತವೆ, ಬೆನ್ನು ನೋವು ಗೊತ್ತಾಗುವುದಿಲ್ಲ ಎಂದು ಮೆಚ್ಚಿಕೊಂಡಿದ್ದ. ಒಮ್ಮೆ ಇನ್ಸ್‌ಪೆಕ್ಟರು ಬಂದು ಮೂರನೇ ತರಗತಿಯ ಹುಡುಗನೊಬ್ಬನಿಗೆ ಮಗ್ಗಿ ಹೇಳು ಎಂದರೆ ಅವನು ಕಣ್ಣು ಮುಚ್ಚಿ ಇದನ್ನೇ ಹಾಡಿದನಂತೆ. ಇನ್ಸ್‌ಪೆಕ್ಟರು ದಂಗಾಗಿ, ಚಾವಡಿ ಶಾಲೆಯಲ್ಲಿ ಇಂಗ್ಲಿಷು ಹೇಳಿಕೊಡಲು ಯಾರು ಹೇಳಿದರು ಎಂದು ಮೇಷ್ಟ್ರನ್ನು ಗದರಿಸಿ, ಹೋಗುವಾಗ ಆ ಹುಡುಗನಿಗೆ ಒಂದು ಪೆನ್ಸಿಲ್ಲು ಕೊಟ್ಟು ಹೋದರಂತೆ.

ಈಗ ನನ್ನ ವಿಷಯಕ್ಕೆ ಬರಬೇಕು. ಅಷ್ಟು ಸುಲಭವಾಗಿ ಬರಲು ಮನಸ್ಸಿಲ್ಲ, ಅದಕ್ಕೇ ಕಣ ಸುತ್ತಿದೆ. ಬಹುವಚನಕ್ಕೆ ಒಂದು ಗುಣವಿದೆ. ಎರಡು ವಾರ ಮುಜುಗರವಾಗುತ್ತದೆ, ಮೂರನೆಯ ವಾರ ಅಭ್ಯಾಸವಾಗುತ್ತದೆ, ನಾಲ್ಕನೆಯ ವಾರ ಅದಿಲ್ಲದಿದ್ದರೆ ಸಿಟ್ಟು ಬರುತ್ತದೆ. ನಾನು ನಡೆಯುವಾಗ ಕೈ ಹಿಂದೆ ಕಟ್ಟತೊಡಗಿದೆ. ಕೋಟು ಮೇಷ್ಟ್ರ ಹಾಗೆ ಕೆಮ್ಮಿ ಮಾತು ಶುರುಮಾಡತೊಡಗಿದೆ. ಒಂದು ಭಾನುವಾರ ಮೇಷ್ಟ್ರು ಎರಡು ಪದಗಳನ್ನು ತಪ್ಪು ಮನೆಗೆ ಸೇರಿಸಿದರು. ಹತ್ತು ಸಲ ಬರೆದುಕೊಂಡು ಬನ್ನಿ ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ನಾಲಗೆ ನನಗೇ ಬಿಸಿಯಾಯಿತು. ಮುಂದಿನ ವಾರ ಅವರು ಹತ್ತು ಸಲ ಬರೆದು ತಂದಿದ್ದರು, ಅಚ್ಚಿನಂಥ ಅಕ್ಷರದಲ್ಲಿ, ಕೆಳಗೆ ಸಹಿ ಬೇರೆ. ನಾನು ಅದನ್ನು ನೋಡಿ ತಲೆಯಾಡಿಸಿದೆ. ಆ ತಲೆಯಾಡಿಕೆಯನ್ನು ನೆನೆದರೆ ಇಂದಿಗೂ ನನಗೆ ನನ್ನ ಕಪಾಳಕ್ಕೆ ಎರಡು ಬಿಡಬೇಕೆನಿಸುತ್ತದೆ.

ಅಡ್ವರ್ಬಿನ ಪಾಠ ನಡೆದ ದಿನ ನಾನು ಶಾಲೆಯಲ್ಲಿ ಇರಲಿಲ್ಲ. ಕಾಡಿನಲ್ಲಿ ಹಿಡಿದು ಪಳಗಿಸಿದ ಆನೆಗಳನ್ನು ಹುಣಸೂರಿನ ಹಾದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ ಎಂದು ಸುದ್ದಿ ಬಂದಿತ್ತು. ನಾನೂ ನನ್ನ ಬೆಂಚಿನ ಇಬ್ಬರೂ ಬೆಳಗಿನಿಂದ ರಸ್ತೆಯಲ್ಲಿ ಕಾದು, ಮಧ್ಯಾಹ್ನ ಆನೆ ಬಂದ ಮೇಲೆ ಅವುಗಳ ಹಿಂದೆ ಒಂದು ಹರದಾರಿ ನಡೆದೆವು. ಒಂದು ಮರಿಯಾನೆ ನನ್ನ ಟೋಪಿಯನ್ನು ಸೊಂಡಿಲಿನಿಂದ ಎತ್ತಿ ಹಳ್ಳಕ್ಕೆ ಎಸೆಯಿತು. ಬೆಂಚಿನವರಿಬ್ಬರೂ ನನ್ನ ಜೊತೆಗೇ ಇದ್ದರಾದ್ದರಿಂದ ತಪ್ಪಿಹೋದ ಪಾಠವನ್ನು ಕೇಳಿ ತಿಳಿಯಲು ಯಾರೂ ಸಿಗಲಿಲ್ಲ, ಕೇಳಬೇಕೆಂದೂ ನನಗೆ ಅನಿಸಲಿಲ್ಲ. ಆ ಭಾನುವಾರ ಮೇಷ್ಟ್ರು ರುಮಾಲು ಸುತ್ತಿ ಕೂತು, 'ಇವತ್ತು ಐದನೇ ಮನೆ ಅಲ್ಲವ್ರಾ' ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಲೇ ಚೆಲುವ ಎಂದು ಕರೆದಿದ್ದರೆ ಖಂಡಿತ ಅನ್ನುತ್ತಿದ್ದೆ. ಆದರೆ ಚೆಲುವೇಗೌಡ್ರು ಗೊತ್ತಿಲ್ಲ ಎನ್ನುವುದು ಹೇಗೆ? ಕೆಮ್ಮಿದೆ. ಕೈ ಹಿಂದೆ ಕಟ್ಟಿದೆ. ಉದ್ದುದ್ದ ಪದಗಳೆಲ್ಲ ಅಡ್ವರ್ಬು, ಆರಕ್ಷರ ದಾಟಿದರೆ ಸಾಕು, ಯೋಚನೆ ಮಾಡಬೇಕಾದ್ದಿಲ್ಲ ಎಂದೆ. ಎಲ್ಲಿಂದ ಬಂತೋ ಆ ಮಾತು, ನನಗೇ ತಿಳಿಯದು. ಹೇಳುವಾಗ ನಿಜವೆಂದೇ ಅನಿಸಿತು. ಮೇಷ್ಟ್ರು ಸ್ಲೇಟಿನ ಮೇಲೆ ಬರೆದುಕೊಂಡರು. 'ಎಷ್ಟು ಸಲೀಸು ನೋಡಿ. ಇದನ್ನ ನೀವೇ ಕಂಡುಹಿಡಿದ್ರಾ, ಅವ್ರು ಹೇಳಿದ್ರಾ' ಎಂದು ಕೇಳಿದರು. ಅವರೇ ಹೇಳಿದರು ಎಂದೆ. ಒಂದು ಸುಳ್ಳು ಎರಡಾಯಿತು.

ಬುಧವಾರ ಕೋಟು ಮೇಷ್ಟ್ರು ಹಿಂದಿನ ಪಾಠ ಕೇಳಿದಾಗ ಅಡ್ವರ್ಬು ಎಂದರೆ ಬೇರೇನೋ ಎಂದು ಗೊತ್ತಾಯಿತು. ಅದು ಏನೆಂಬುದು ಇಲ್ಲಿ ಮುಖ್ಯವಲ್ಲ, ನಾನು ಹೇಳಿದ್ದಂತೂ ಅಲ್ಲ. ಆಗಲೂ ಅಷ್ಟೇನೂ ಹೆದರಲಿಲ್ಲ, ಭಾನುವಾರ ಹೋಗಿ ತಿದ್ದಿದರಾಯಿತು ಎಂದುಕೊಂಡೆ. ಆದರೆ ಶನಿವಾರ ಊರಿಗೆ ಬಂದರೆ ಜಗಲಿಯ ಮೇಲೆ ಅಪ್ಪ ನನಗಾಗಿ ಕಾಯುತ್ತಿದ್ದ. ಮೇಷ್ಟ್ರು ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ, ಗೌಡನ ಮಗ ವರ್ಷಗಟ್ಟಲೆ ಕಲಿಯುವುದನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟ ಎಂದು ಹೇಳಿದ್ದರಂತೆ. ಪಕ್ಕದೂರಿನ ಮೇಷ್ಟ್ರಿಗೂ ಆ ಸೂತ್ರವನ್ನು ಕಲಿಸಿದ್ದರಂತೆ. ಅಪ್ಪ ಹೊಗಳಿಕೆಯ ಮನುಷ್ಯನಲ್ಲ. ಅವತ್ತು ಮಾತ್ರ ನನ್ನ ತಟ್ಟೆಗೆ ತಾನೇ ತುಪ್ಪ ಬಡಿಸಿ, 'ಉಣ್ಲಾ' ಎಂದ. ಆ ತುಪ್ಪ ಗಂಟಲಿನಲ್ಲಿಳಿದ ಮೇಲೆ ನಿಜ ಹೊರಗೆ ಬರಲು ಜಾಗವಿರಲಿಲ್ಲ.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಆ ಭಾನುವಾರ ಚಾವಡಿಯ ಬಾಗಿಲಲ್ಲಿ ನಂಜಮ್ಮನವರು ಒಂದು ಲೋಟ ಹಾಲು ಹಿಡಿದು ನಿಂತಿದ್ದರು. 'ನಮ್ಮ ಮೇಷ್ಟ್ರನ್ನ ಪಾಸು ಮಾಡ್ಸು ಕಣ್ ಮಗ. ನಿನ್ನ ಕೈಲದೆ' ಎಂದರು. ಕುಡಿದೆ. ಅದರ ಮುಂದಿನ ಭಾನುವಾರವೂ ಕುಡಿದೆ. ಶುಕ್ರವಾರ ಬಂತೆಂದರೆ ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಸೋದರಮಾವ ಅಜೀರ್ಣ ಎಂದು ಓಮ ಅಗಿಸಿದ. ಶನಿವಾರದ ಎರಡೂವರೆ ಗಂಟೆಯ ದಾರಿಯಲ್ಲಿ ನೌನು, ಪ್ರೊನೌನು, ಅಡ್ಜೆಕ್ಟಿವು, ವರ್ಬು ಎಂದು ಹೇಳಿಕೊಳ್ಳುತ್ತಾ ನಡೆಯುತ್ತಿದ್ದೆ, ಐದನೆಯದನ್ನು ಬಿಟ್ಟು ಆರನೆಯದಕ್ಕೆ ಹಾರುತ್ತಿದ್ದೆ. ಮೇಷ್ಟ್ರು ಸೂತ್ರವನ್ನು ಎಷ್ಟು ನಂಬಿದ್ದರೆಂದರೆ ಪದವೊಂದು ಕಂಡರೆ ಸಾಕು, ಬೆರಳು ಮಡಚಿ ಅಕ್ಷರ ಎಣಿಸಿ, ಆರು ದಾಟಿದರೆ ಗೆದ್ದವರಂತೆ ನನ್ನ ಮುಖ ನೋಡುವರು. ನಾನು ತಲೆಯಾಡಿಸುವೆ. ಹೀಗೆ ಏಳು ಭಾನುವಾರ ಕಳೆದವು.

ಪರೀಕ್ಷೆ ಹುಣಸೂರಿನಲ್ಲೇ ನಡೆಯಿತು. ಮೇಷ್ಟ್ರು ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಹಣೆಗೆ ದಪ್ಪನೆ ವಿಭೂತಿ ಧರಿಸಿ ಒಳಗೆ ಹೋದರು. ನಾನು ಎದುರಿನ ಹುಣಸೆಮರದ ಕೆಳಗೆ ಕೂತಿದ್ದೆ. ಆ ಪ್ರಶ್ನೆ ಬರದಿರಲಿ ಎಂದು ಎಷ್ಟು ದೇವರಿಗೆ ಹರಕೆ ಹೊತ್ತೆನೆಂಬುದು ಆ ದೇವರುಗಳಿಗೇ ಗೊತ್ತು. ಮಧ್ಯಾಹ್ನ ಅವರು ಹೊರಗೆ ಬಂದಾಗ ಮುಖ ಅರಳಿತ್ತು. ಅಂಗಡಿಯಲ್ಲಿ ಕಡಲೆಪುರಿಯೂ ಬೆಲ್ಲದ ಚೂರೂ ಕೊಂಡು ಹೆಗಲ ವಲ್ಲಿಯಲ್ಲಿ ಕಟ್ಟಿಕೊಂಡು, ಲಕ್ಷ್ಮಣತೀರ್ಥ ಹೊಳೆಯ ಮೆಟ್ಟಿಲಿಗೆ ನನ್ನನ್ನು ಕರೆದುಕೊಂಡು ಹೋದರು. ವಲ್ಲಿ ಬಿಚ್ಚಿ ನನ್ನ ಮುಂದೆ ಹರಡಿದರು.

'ಬಂದಿತ್ತ್ರೀ ಚೆಲುವೇಗೌಡ್ರೇ. ನಮ್ಮ ಐದನೇ ಮನೇದು ಬಂದಿತ್ತು. ಹತ್ತು ಪದ ಕೊಟ್ಟಿದ್ರು. ಎಲ್ರೂ ಪೆನ್ನು ಕಚ್ತಾ ಕೂತವ್ರೆ, ನಾನು ಬೆರಳು ಎಣಿಸಿದ್ದೇ ಎಣಿಸಿದ್ದು, ಬರೆದು ಮಡಗಿದ್ದೇ' ಎಂದರು.

ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಿದ್ದೆ, ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಳು ಬಂತು. ಪುರಿಯ ಜೊತೆಗೇ ಮಾತು ಉದುರಿತು.

'ಸಾ, ಅದು ತಪ್ಪು ಸಾ. ಅವತ್ತು ನಾನು ಇಸ್ಕೂಲಿಗೇ ಹೋಗಿರ್ಲಿಲ್ಲ. ಆನೆ ನೋಡಕ್ಕೆ ಹೋಗಿದ್ದೆ. ನಾನೇ ಕಟ್ಟಿ ಹೇಳ್ದೆ.'

ಮೇಷ್ಟ್ರು ನೀರಿನ ಕಡೆ ನೋಡಿದರು. ಆಚೆ ದಡದಲ್ಲಿ ಯಾರೋ ಒಬ್ಬ ಎತ್ತಿನ ಮೈ ತೊಳೆಯುತ್ತಿದ್ದ. ಎತ್ತಿನ ಒಂದು ಮಗ್ಗುಲು ಮುಗಿಸಿ ಅವನು ಇನ್ನೊಂದು ಮಗ್ಗುಲಿಗೆ ತಿರುಗಿದಾಗ ಇವರು ಕೇಳಿದರು.

'ತಪ್ಪು ಅಂತ ಯಾವತ್ತು ಗೊತ್ತಾಯ್ತು?'

'ಅದಾದ್ಮೇಲಿನ ಬುಧವಾರ, ಸಾ.'

ಅವರು ಬೆರಳು ಮಡಚಿದರು. ನನಗೆ ಏಟು ಬೀಳುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ. ಬಿದ್ದಿದ್ದರೆ ಚೆನ್ನಾಗಿತ್ತು.

'ಏಳು ವಾರ. ಏಳು ವಾರ ಇದನ್ನ ಒಬ್ಬನೇ ಹೊತ್ಕೊಂಡು ಅಷ್ಟು ದೂರ ನಡ್ಕೊಂಡು ಬತ್ತಿದ್ದೇನೋ ಚೆಲುವ? ಯಾರ ಹತ್ರಾನೂ ಅನ್ಲಿಲ್ವಾ?' ಎಂದರು.

ನಾನು ತಲೆ ಅಲ್ಲಾಡಿಸಿದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. 'ನಾನು ದೊಡ್ಡೋನು, ನಿನಗೆ ನೀವು ನೀವು ಅಂತ ಅಂದೂ ಅಂದೂ ಬಾಯಿ ಕಟ್ಟಿಬಿಟ್ಟೆ. ಚಿಕ್ಕ ಹುಡುಗನ ಮೇಲೆ ಅಷ್ಟು ಹೇರಬಾರದಿತ್ತು' ಎಂದರು. ಆಮೇಲೆ ಈ ಮಾತು ಇಲ್ಲೇ ಇರಲಿ, ಮನೆಯಲ್ಲಿ ಹೇಳಬೇಡ ಎಂದು, ಉಳಿದ ಪುರಿಯನ್ನು ನನ್ನ ಅಂಗಿಯ ಜೇಬಿಗೆ ತುಂಬಿದರು. ನಲವತ್ತು ದಾಟಿದ ಒಬ್ಬ ಮನುಷ್ಯ ತನ್ನ ಸಂಸಾರವೇ ನದಿಯಲ್ಲಿ ತೇಲಿಹೋಗುತ್ತಿರುವಾಗ ಇನ್ನೊಬ್ಬರ ಮಗನ ಭಾರದ ಬಗ್ಗೆ ಯೋಚಿಸಬಲ್ಲ ಎಂಬುದನ್ನು ನಾನು ಕಂಡದ್ದು ಅವತ್ತು. ಆಮೇಲೆ ಬಹಳ ಓದಿದ್ದೇನೆ, ಬಹಳ ಜನರ ಉಪನ್ಯಾಸ ಕೇಳಿದ್ದೇನೆ. ಅಷ್ಟು ದೊಡ್ಡದು ಯಾವುದನ್ನೂ ಕಲಿಯಲಿಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಅವರ ನಂಬರು ಇರಲಿಲ್ಲ. ಪಕ್ಕದೂರಿನ ಮೇಷ್ಟ್ರದೂ ಇರಲಿಲ್ಲ. ತಿಂಗಳ ಮೇಲೆ ವರ್ಗದ ಆರ್ಡರು ಬಂತು. ಸರಗೂರಿನ ಆಚೆ, ಬೇರೆಲ್ಲೂ ಅಲ್ಲ, ಅದೇ ಹಳ್ಳಿಗೆ. ಅವರು ಬಿಟ್ಟು ಬಂದ ಮೇಲೆ ಅಲ್ಲಿ ಯಾವ ಮೇಷ್ಟ್ರೂ ನಿಂತಿರಲಿಲ್ಲವಂತೆ. ನಂಜಮ್ಮನವರು ತೌರಿಗೆ ಹೋಗುತ್ತೇನೆ ಎಂದು ಎರಡು ದಿನ ಗಂಟು ಕಟ್ಟಿದರು, ಎರಡು ದಿನ ಬಿಚ್ಚಿದರು. ಮೂರನೆಯ ದಿನ ಗಂಡನ ಗಂಟಿನ ಜೊತೆಗೇ ಕಟ್ಟಿದರು. 'ಇವ್ರಿಗೆ ಜ್ವರ ಬಂದ್ರೆ ಗಂಜಿ ಕಾಯ್ಸೋರು ಯಾರು' ಎಂದು ನಮ್ಮಜ್ಜಿಯ ಹತ್ತಿರ ಅಂದರಂತೆ. ಅಲ್ಲಿ ಅವರು ನಾಲ್ಕು ವರ್ಷ ಇದ್ದರು, ಕ್ವಿನೈನು ನುಂಗಿಕೊಂಡು ಇಬ್ಬರೂ ಉಳಿದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಹೆದರಿಸುವ ಉದ್ದೇಶ ನನಗಿಲ್ಲ.

ಸಾಮಾನು ಹೊರಲು ನಮ್ಮ ಗಾಡಿಯನ್ನೇ ಕಟ್ಟಿದರು. ಊರಲ್ಲಿ ನಮ್ಮ ಎತ್ತುಗಳೇ ಚೆನ್ನಾಗಿದ್ದವು. ಬೇಸಿಗೆ ರಜವಾದ್ದರಿಂದ ಅಪ್ಪನ ಜೊತೆಗೆ ನಾನೂ ಹೊರಟೆ. ಅಪ್ಪ ಮೂಕಿಯ ಮೇಲೆ, ಮೇಷ್ಟ್ರು ಅವನ ಪಕ್ಕದಲ್ಲಿ, ಒಳಗೆ ಪಾತ್ರೆಗಳ ನಡುವೆ ನಂಜಮ್ಮನವರೂ ನಾನೂ. ಹಾದಿಯ ಎರಡೂ ಬದಿ ಹೊಲ ಮುಗಿದು ಕುರುಚಲು ಕಾಡು ಶುರುವಾಯಿತು. ನಂಜಮ್ಮನವರ ಕೈ ಒಂದು ಸಣ್ಣ ಕಂಚಿನ ಬಟ್ಟಲನ್ನು ಹಿಡಿದುಕೊಂಡಿತ್ತು, ಮಕ್ಕಳಿಗೆ ಉಣ್ಣಿಸುವಂಥದ್ದು. ಅದು ಯಾರದೆಂದು ಕೇಳಬೇಕಾಗಿರಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ.

'ಅಮ್ಮೋರೆ, ಮೇಷ್ಟ್ರು ಫೇಲಾಗಿದ್ದು ನನ್ನಿಂದ. ನಾನು ಸುಳ್ಳು ಹೇಳ್ಕೊಟ್ಟೆ.'

ಅಪ್ಪ ಎತ್ತು ನಿಲ್ಲಿಸಿ ಹಿಂದಕ್ಕೆ ತಿರುಗಿದ. ಅವನ ಕೈಯಲ್ಲಿ ಬಾರುಕೋಲಿತ್ತು. ಮೇಷ್ಟ್ರು ಅವನ ಕೈ ಹಿಡಿದು, 'ಎತ್ತು ಹೊಡಿ ಗೌಡ. ಹೊತ್ತಾಯ್ತದೆ. ಅದೊಂದರಿಂದ ಹೋಯ್ತಾ ಅಂತ ಯಾರು ಕಂಡೋರು. ಟ್ರಾನ್ಸ್‌ಲೇಷನ್ನಲ್ಲೂ ನಾನು ಕುಂಟಿದ್ದೆ' ಎಂದರು. ಅಪ್ಪ ಎಷ್ಟೋ ಹೊತ್ತಿನ ಮೇಲೆ ಎತ್ತು ಹೊಡೆದ. ನಂಜಮ್ಮನವರು ಮಾತ್ರ ನನ್ನ ಮುಖ ನೋಡಿ, ಬಟ್ಟಲನ್ನು ಸೆರಗಿನಲ್ಲಿ ಸುತ್ತಿ, ಗಾಡಿಯ ಹಿಂಬದಿಗೆ ತಿರುಗಿ ಕೂತರು. ಕೋಟೆಯ ಛತ್ರದಲ್ಲಿ ತಂಗಿದಾಗಲೂ, ಮರುದಿನ ಸರಗೂರು ದಾಟುವಾಗಲೂ ಅವರು ನನ್ನೊಡನೆ ಮಾತಾಡಲಿಲ್ಲ.

ಹಳ್ಳಿ ತಲುಪಿದಾಗ ಬಿಸಿಲು ಇನ್ನೂ ಚುರುಕಾಗಿತ್ತು. ಗಂಡಸರು ಸಾಮಾನು ಇಳಿಸತೊಡಗಿದರು. ನಂಜಮ್ಮನವರು ಮನೆಯ ಕಡೆ ನೋಡಲೂ ಇಲ್ಲ. ಗಾಡಿಯಿಂದ ಇಳಿದವರೇ ಊರಾಚೆಗೆ ಹೊರಟರು. ಹತ್ತು ಹೆಜ್ಜೆ ಹೋಗಿ ನಿಂತು ನನ್ನ ಕಡೆ ತಿರುಗಿ ಕೈಮಾಡಿದರು. ನಾನು ಹೆದರುತ್ತಲೇ ಹಿಂದೆ ಹೋದೆ. ಹೊಲದ ಅಂಚಿನಲ್ಲಿ ನಾಲ್ಕಾರು ಸಮಾಧಿಗಳಿದ್ದವು. ಒಂದು ಬಹಳ ಚಿಕ್ಕದು. ಅದರ ಮೇಲೆ ಹುಲ್ಲೂ ಮುಳ್ಳೂ ಬೆಳೆದು, ಮೇಲಿಟ್ಟಿದ್ದ ಕಲ್ಲು ಕಾಣುತ್ತಲೇ ಇರಲಿಲ್ಲ. ಅವರು ಅದರ ಪಕ್ಕದಲ್ಲಿ ಕೂತು ಮೊದಲು ಕೈಯಿಂದ ಮಣ್ಣನ್ನು ಸವರಿದರು.

'ಈ ಊರಿಗೆ ಬರಕಿಲ್ಲ ಅಂತ ಹಟ ಹಿಡ್ಕೊಂಡಿದ್ದೆ ಕಣ್ ಮಗ. ಇಲ್ಲಿ ಇವಳು ಒಬ್ಬಳೇ ಅವಳೆ, ಯಾರೂ ನೋಡೋರಿಲ್ಲ ಅನ್ನೋದು ಮಾತ್ರ ಒಂದು ದಿನಾನೂ ಮರ್ತಿರ್ಲಿಲ್ಲ' ಎಂದರು. ಒಂದು ಮುಳ್ಳು ಕಿತ್ತು ಪಕ್ಕಕ್ಕೆ ಹಾಕಿ, ನನ್ನ ಕಡೆ ನೋಡದೆ, 'ನೀನು ಸರಿಯಾಗಿ ಹೇಳ್ಕೊಟ್ಟಿದ್ರೆ ನಾನು ಈ ಜಲ್ಮದಲ್ಲಿ ಇಲ್ಲಿಗೆ ಬತ್ತಿರ್ಲಿಲ್ಲ. ಬಾ, ಕೂತ್ಕೊ. ನೀನೂ ಒಂದು ಕೈ ಹಾಕು' ಎಂದರು.

ಅವರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಹುಲ್ಲು ಕಿತ್ತೆವು. ಅಪ್ಪ ಬಂದು ಕರೆಯುವ ಹೊತ್ತಿಗೆ ಕಲ್ಲು ಪೂರ್ತಿ ಕಾಣುತ್ತಿತ್ತು.